ಎರಡನೆಯ ಅಪೆಂಡಿಕ್ಸ್

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯ ಸರ್ಜನ್ ಖುದ್ದಾಗಿ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಅವರು ವಿದೇಶಿ ವಿದ್ಯಾರ್ಥಿನಿಯೊಬ್ಬಳ ಅಪೆಂಡಿಕ್ಸ್ ತೆಗೆದಿದ್ದರು. ಅವಳ ವಿಮಾ ಕಾರ್ಡಿನ ಪ್ರಕಾರ ಅದನ್ನು ಎರಡು ವರ್ಷದ ಹಿಂದೆಯೇ ಅದೇ ಆಸ್ಪತ್ರೆಯಲ್ಲಿ ತೆಗೆದಾಗಿತ್ತು.

"ತೆಗೆದಿದ್ದು ಮತ್ತೆ ಬೆಳೆಯುತ್ತಾ ಡಾಕ್ಟ್ರೇ?" ಇನ್‌ಸ್ಪೆಕ್ಟರ್ ಕೇಳಿದರು.

"ಬೆಳೆಯೋ ಹಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ಹೊಟ್ಟೆ ಮೇಲೆ ಹಳೇ ಗಾಯದ ಗುರುತೇ ಇರ್ಲಿಲ್ಲ. ಮೂರು ದಿನ ಹಲ್ಲು ಕಚ್ಚಿಕೊಂಡು ರೂಮಲ್ಲೇ ಮಲಗಿದ್ಲಂತೆ. ಪ್ರಜ್ಞೆ ತಪ್ಪಿದ ಮೇಲೆ ವಾರ್ಡನ್ ಕರ್ಕೊಂಡು ಬಂದ್ರು. ಇನ್ನು ಸ್ವಲ್ಪ ತಡ ಆಗಿದ್ರೆ ಉಳೀತಿರ್ಲಿಲ್ಲ."

ಎಫ್‌ಐಆರ್ ದಾಖಲಾಯಿತು. ಪಾಸ್‌ಪೋರ್ಟಿನ ಫೋಟೊ ಹಾಸಿಗೆಯಲ್ಲಿದ್ದ ಹುಡುಗಿಯದೇ. ಅಂದರೆ ಹಿಂದೆ ಅವಳ ಕಾರ್ಡಿನಲ್ಲಿ ಬೇರೊಬ್ಬರು ಮಲಗಿದ್ದರು. ಆ ವ್ಯಕ್ತಿ ಸಿಗದಿದ್ದರೆ ಪಾಲಿಸಿ ರದ್ದು ಎಂದು ವಿಮಾ ಕಂಪನಿ ಖಡಾಖಂಡಿತವಾಗಿ ಹೇಳಿತು. ವಿಮೆ ಇಲ್ಲದ ವಿದೇಶಿ ವಿದ್ಯಾರ್ಥಿಗೆ ಇಲ್ಲಿ ಓದಲು ಅನುಮತಿಯಿಲ್ಲ.

ಇನ್‌ಸ್ಪೆಕ್ಟರ್ ವಾರ್ಡಿಗೆ ಹೋದರು.

"ಕಾರ್ಡ್ ಯಾರಿಗೆ ಕೊಟ್ಟಿದ್ದೆ?"

"ಯಾರಿಗೂ ಇಲ್ಲ."

"ಹಾಗಾದ್ರೆ ಅವತ್ತು ತೆಗೆದಿದ್ದು ಯಾರದ್ದು?"

"ನಂದೇ. ನನಗೆ ಎರಡಿತ್ತು."

ಸೇವೆಗೆ ಸೇರಿದಾಗಿನಿಂದ ಅವರು ಎಂಥೆಂಥ ಸುಳ್ಳುಗಳನ್ನು ಕೇಳಿದ್ದರೋ. ಇಷ್ಟು ಪೆದ್ದು ಸುಳ್ಳನ್ನು ಇಷ್ಟು ಗಟ್ಟಿ ಮುಖ ಮಾಡಿಕೊಂಡು ಹೇಳಿದವರನ್ನು ನೋಡಿರಲಿಲ್ಲ. ಅವರಿಗೆ ಸಿಟ್ಟೂ ಬಂತು, ನಗುವೂ ಬಂತು.

ಹಾಸ್ಟೆಲ್ ಕೋಣೆಯ ಪಂಚನಾಮೆಗೆ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಹೋದರು. ಎರಡು ಮಂಚ, ಒಂದೇ ಬೀರು, ಕಿಟಕಿಯ ಸರಳಿಗೆ ಒಣಹಾಕಿದ ಕಾಲುಚೀಲ. ಅಧ್ಯಯನ ಪ್ರವಾಸದಿಂದ ಅಂದು ಬೆಳಿಗ್ಗೆಯಷ್ಟೇ ಮರಳಿದ್ದ ರೂಮ್‌ಮೇಟ್ ಗಡಿಬಿಡಿಯಿಂದ ಆಸ್ಪತ್ರೆಗೆ ಚೀಲ ತುಂಬುತ್ತಿದ್ದಳು. ಟವೆಲ್, ಬಾಚಣಿಗೆ, ಸಡಿಲ ಉಡುಪು. ಕೊನೆಗೊಂದು ಪುಟ್ಟ ದಿಂಬು.

"ಯಾಕಮ್ಮ, ಆಸ್ಪತ್ರೇಲಿ ದಿಂಬು ಕೊಡಲ್ವಾ?"

"ಇದು ತಲೆಗಲ್ಲ ಮೇಡಂ. ಕೆಮ್ಮು ಬಂದ್ರೆ ಹೊಟ್ಟೆಗೆ ಒತ್ತಿ ಹಿಡ್ಕೋಬೇಕು. ಇಲ್ಲಾಂದ್ರೆ ಹೊಲಿಗೆ ಎಳೆದು ಜೀವ ಹೋದ ಹಾಗಾಗುತ್ತೆ."

ಹೆಡ್ ಕಾನ್‌ಸ್ಟೆಬಲ್‌ಗೆ ಅವಳಿ ಮಕ್ಕಳು ಆಪರೇಷನ್ನಿನಿಂದಲೇ ಹುಟ್ಟಿದ್ದವು. ಆ ಕೆಮ್ಮು ಅವರಿಗೆ ಚೆನ್ನಾಗಿ ನೆನಪಿತ್ತು.

"ನಿನಗೆ ಹೇಗೆ ಗೊತ್ತು?" ಎಂದು ಮೆಲ್ಲಗೆ ಕೇಳಿದರು.

ಹುಡುಗಿ ಚೀಲದ ಜಿಪ್ ಎಳೆಯುತ್ತಿದ್ದವಳು ಹಾಗೆಯೇ ಮಂಚದ ಮೇಲೆ ಕುಸಿದು ಕೂತಳು.

ಠಾಣೆಯಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. "ಆಗ ನನ್ನ ವಿಮೆ ಜಾರಿಗೆ ಬರೋಕೆ ಇನ್ನೂ ಒಂದು ವಾರ ಇತ್ತು ಸಾರ್. ನೋವಿಗೆ ನೆಲದ ಮೇಲೆ ಹೊರಳಾಡ್ತಿದ್ದೆ. ಅವಳೇ ಕಾರ್ಡ್ ತಂದು ಕೈಗಿಟ್ಟು, ಇವತ್ತು ನೀನೇ ನಾನು, ಏಳು ಅಂದ್ಲು."

"ಅಷ್ಟು ಹಳೇ ಸ್ನೇಹಾನಾ?"

"ಎಲ್ಲಿಯ ಸ್ನೇಹ ಸಾರ್? ಅವಳು ಸಿಕ್ಕಿ ನಾಲ್ಕು ದಿನ ಆಗಿತ್ತು. ಅವಳ ದೇಶ ಬೇರೆ, ನನ್ನ ದೇಶ ಬೇರೆ. ನನ್ನ ಹೆಸರು ಹೇಳೋಕೂ ಅವಳ ನಾಲಿಗೆ ಹೊರಳ್ತಿರ್ಲಿಲ್ಲ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಇವಳು ಸಿಕ್ಕಿಬೀಳುತ್ತಾಳೆಂದು ಆ ಹುಡುಗಿ ಮೂರು ದಿನ ಸಾವನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ್ದಳು. ಮನುಷ್ಯರಲ್ಲಿ ಇಂಥವರೂ ಇರುತ್ತಾರೆಂದು ಅವರು ಅಂದುಕೊಂಡಿರಲಿಲ್ಲ.

"ಪೂರ್ತಿ ನನ್ನ ತಪ್ಪು ಅಂತ ಬರ್ಕೊಳ್ಳಿ," ಎಂದಳು ರೂಮ್‌ಮೇಟ್. "ಈ ಸಲದ ನೋವು ಅವಳದ್ದೇ. ಇದಕ್ಕಾದ್ರೂ ವಿಮೆ ಕೊಡ್ಲಿ."

ಸಂಜೆ ನಾಲ್ಕಕ್ಕೆ ಅವಳ ಬಂಧನವಾಯಿತು. ಕಾರ್ಡ್ ಕೊಟ್ಟವಳು ಎರಡನೇ ಆರೋಪಿ. ಅವಳು ಕಾರ್ಡ್ ಕೊಟ್ಟ ಕಾರಣವನ್ನು ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ವರದಿಯಲ್ಲಿ ಬರೆದರು. ವಿಮಾ ಕಂಪನಿಗೂ ಒಂದು ಪ್ರತಿ ಹೋಯಿತು.

ಹೆಡ್ ಕಾನ್‌ಸ್ಟೆಬಲ್ ಚೀಲವನ್ನು ವಾರ್ಡಿಗೆ ಒಯ್ದರು. ದಿಂಬು ಕಂಡ ಕೂಡಲೇ ಹುಡುಗಿಗೆ ಎಲ್ಲ ತಿಳಿಯಿತು.

"ಒಪ್ಕೊಂಡ್ಲಾ?"

"ಹ್ಞೂಂ."

"ಪೆದ್ದಿ. ನನಗೆ ಎರಡಿತ್ತು ಅಂತ ನಾನು ಹೇಳಿದ್ನಲ್ಲ."

ಅಳು ಬಂತು, ಹಿಂದೆಯೇ ಕೆಮ್ಮು. ಅವಳು ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.