ಏಳನೇ ಅಧ್ಯಾಯದಲ್ಲಿ ಸತ್ತವಳು

ಏಳನೇ ಅಧ್ಯಾಯದಲ್ಲಿ ಕೊಲೆಯಾದ ಗೌರಕ್ಕ, ಬೆಳಗಾಗುವುದರೊಳಗೆ ಎಂಟನೇ ಅಧ್ಯಾಯದಲ್ಲಿ ಎದ್ದು ಕೂತಿದ್ದಳು.

ತುಳಸಿ ಹಲ್ಲುಜ್ಜುವುದನ್ನು ಅಲ್ಲಿಗೇ ಬಿಟ್ಟು ಗೆಳತಿಗೆ ಫೋನ್ ಮಾಡಿದಳು. "ಅಂಜಲಿ, ಜಲ್ದಿ ಬಾ. ನನ್ನ ಕಾದಂಬರಿಗೆ ಯಾರೋ ಕೈ ಹಾಕ್ಯಾರ."

ಅಂಜಲಿ ಹೊಸಪೇಟೆಯ ಪತ್ರಿಕೆಯೊಂದರ ಕ್ರೈಂ ವರದಿಗಾರ್ತಿ. ಸ್ಕೂಟಿ ಹತ್ತಿ ಮಲಪನಗುಡಿಗೆ ಬಂದಳು.

ಪಡಸಾಲೆಯ ಉದ್ದಕ್ಕೂ ಹಗ್ಗ. ಅದರ ಮೇಲೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಒಂದು ಕ್ಲಿಪ್ಪು ಅಂದರೆ ಒಂದು ಅಧ್ಯಾಯ. ಚೂರು ಜೋಡಿಸಿ ಹೊದಿಯುವ ಕೌದಿ ಹೊಲಿಯಲೆಂದು ಇಟ್ಟ ಹಳೆ ಸೀರೆಗಳನ್ನು ಹರಿದು ತುಳಸಿ ಪಾತ್ರಕ್ಕೊಂದು ಬಣ್ಣ ಕೊಟ್ಟಿದ್ದಳು. ಯಾವ ಅಧ್ಯಾಯದಲ್ಲಿ ಯಾರು ಬರುತ್ತಾರೋ ಅವರ ಚೂರು ಆ ಕ್ಲಿಪ್ಪಿಗೆ. ಸತ್ತವರ ಬಣ್ಣ ಮುಂದೆ ನೇತಾಡುವಂತಿಲ್ಲ. ಕಾದಂಬರಿ ಬರೆಯುವುದು ಹೇಗೆ ಅಂತ ಮೈಕು ಹಿಡಿದು ಗಂಟೆಗಟ್ಟಲೆ ಕೊರೆಯುತ್ತಾರಲ್ಲ, ಈ ಹಗ್ಗದ ಮುಂದೆ ಅದೆಲ್ಲ ಬುರುಡೆ.

ಗೌರಕ್ಕನದು ಗಿಳಿಹಸಿರು. ಕಂಪ್ಲಿಯಲ್ಲಿ ಹೂ ಮಾರುವವಳು. ಈಗ ನೋಡಿದರೆ ಎಂಟು, ಒಂಬತ್ತು, ಹನ್ನೊಂದು, ಹನ್ನೆರಡರಲ್ಲೂ ಹಸಿರು.

"ಕಿತ್ತು ಬಿಸಾಕು," ಅಂದಳು ಅಂಜಲಿ.

"ಅದಲ್ಲ ಚಿಂತಿ. ಸಂಜಿಗೆ ಈ ಪ್ಲಾನ್ ಪ್ರಕಾಶಕರಿಗೆ ಹೋಗ್ಬೇಕು. ಅವರು ಒಬ್ರದೇ ಪುಸ್ತಕ ತಗೊಳ್ಳಾದು. ಕತಿ ಹೊರಗ ಹೋಗಿದ್ರ ನನ್ನ ಮೊದಲ್ನೇ ಪುಸ್ತಕ ಅಲ್ಲಿಗೇ ಮುಗೀತು."

"ಅನುಮಾನ?"

"ನಿನ್ನಿ ಓಬಳೇಶ ಬಂದಿದ್ದ. ಅವನೂ ತನ್ನ ಕಾದಂಬರಿ ಅವರಿಗೇ ಕಳಸ್ತಾನ."

* * *

ಓಬಳೇಶ ಲಾರಿ ಆಫೀಸಿನ ಗುಮಾಸ್ತ. ಪ್ಲಾನೇ ಇಲ್ಲದೆ ಬರೆಯುವ ಕಾದಂಬರಿಕಾರ. ಕರೆದ ಕೂಡಲೇ ಬಂದ. ಹಗ್ಗ ನೋಡಿ ನಕ್ಕ.

"ಇದು ಕಾದಂಬರಿನೋ, ಒಣಾಕಿದ ಅರಿವಿ ಬಟ್ಟಿನೋ?"

"ಮುಟ್ಟಿದಿಯೇನು?" ಅಂಜಲಿ ಕೇಳಿದಳು.

"ನಾ ಯಾಕ ಮುಟ್ಲಿ? ನನ್ನ ಕತಿನೇ ಮುಂದೇನಾಗ್ತದಂತ ನನಗ ಗೊತ್ತಿಲ್ಲ. ಪ್ಲಾನ್ ಕೇಳ್ಯಾರಂತ ಬರದೀನಿ, 'ಮೊದಲು ಶುರು ಮಾಡ್ತೀನಿ, ಆಮ್ಯಾಲ ಮುಗಸ್ತೀನಿ' ಅಂತ."

ಅಂಜಲಿ ಹಸಿರು ಚೂರುಗಳ ಅಂಚನ್ನು ಬೆರಳಲ್ಲಿ ಸವರುತ್ತಾ ನಡೆದಳು. ಹತ್ತನೇ ಕ್ಲಿಪ್ಪಿನ ಮುಂದೆ ನಿಂತಳು. ಅಲ್ಲಿ ಮಾತ್ರ ಹಸಿರಿಲ್ಲ.

"ಇಲ್ಲೇನೈತಿ?"

"ಎರ್ರೆಮ್ಮನ ಮಗಳ ಮದುವಿ, ಸಂಡೂರಾಗ," ಅಂದಳು ತುಳಸಿ. "ಗೌರಕ್ಕಗೂ ಎರ್ರೆಮ್ಮಗೂ ಮಾತಿಲ್ಲ. ಬದುಕಿದ್ರೂ ಆ ಹೊಸ್ತಿಲ ತುಳಿಯಾಕಿ ಅಲ್ಲ."

"ಈ ಜಗಳ ಯಾರಿಗೆ ಹೇಳಿದ್ದಿ?"

"ನಿನಗೊಬ್ಬಾಕಿಗೆ. ಫೋನ್ನಾಗ, ರೊಟ್ಟಿ ಬಡಿಯೋವಾಗ."

ಅಂಜಲಿ ಮುಗುಳ್ನಕ್ಕು ಹಿತ್ತಲಿಗೆ ನಡೆದಳು. ಇಬ್ಬರೂ ಹಿಂದೆಯೇ ಹೋದರು.

* * *

ಅಡುಗೆಮನೆ ಕಿಟಕಿಯ ಕೆಳಗಿನ ಕಟ್ಟೆ. ತುಳಸಿಯ ಅತ್ತೆ ವಿರುಪಮ್ಮ ಕೂತು ಕೌದಿ ಹೊಲಿಯುತ್ತಿದ್ದಳು.

"ಅಮ್ಮಾ, ಆ ಹಸಿರು ಸೀರಿದು ಇನ್ನೊಂದ್ ಚೂರು ಐತೇನ್ರಿ?" ಅಂಜಲಿ ಕೇಳಿದಳು.

ಸೂಜಿ ನಿಂತಿತು.

ಅಂಜಲಿ ಬಿಡಿಸಿ ಹೇಳಿದಳು. ಹೊರಗಿನವರಾದರೆ ಎಲ್ಲ ಕ್ಲಿಪ್ಪಿಗೂ ಹಸಿರು ಸಿಕ್ಕಿಸುತ್ತಿದ್ದರು. ಹತ್ತನ್ನು ಬಿಟ್ಟವರಿಗೆ ಜಗಳ ಗೊತ್ತಿತ್ತು. ಫೋನಿನ ಮಾತು ಕೇಳುವುದು ಈ ಕಟ್ಟೆಗೆ ಮಾತ್ರ. ಮತ್ತೆ, ತುಳಸಿ ಹರಿದ ಚೂರುಗಳ ಅಂಚಿಗೆ ದಾರ ಜೋತಾಡುತ್ತಿದೆ. ಹೊಸ ಚೂರುಗಳ ಅಂಚು ಮಡಿಸಿ ಹೊಲಿದದ್ದು. ಕೌದಿ ಹೊಲಿಯುವ ಕೈ ಹರುಕು ಅಂಚನ್ನು ಹಾಗೇ ಬಿಡಲಾರದು, ಕಳ್ಳತನದಲ್ಲೂ.

"ಹೌದವ್ವ, ನಾನೇ," ಅಂದಳು ವಿರುಪಮ್ಮ. "ನನ್ನ ಸೀರಿ, ನನ್ನ ಸಿಟ್ಟು, ನನ್ನ ಎಲಿ ಅಡಿಕಿ, ಎಲ್ಲಾ ಈ ಸೊಸಿ ಗೌರಕ್ಕಗ ಕೊಟ್ಲು. ಭಾಳ ಖುಷಿ ಆಗಿತ್ತು. ಏಳರಾಗ ಗಣಿ ಗುಂಡಿಗೆ ದೂಡಿಸಿಬಿಟ್ಲು. ಇನ್ನೂ ಅರ್ಧ ಕತಿ ಐತಿ. ನಾ ಇಲ್ದ ನಡಿತದೇನು?"

ಓಬಳೇಶ ನಕ್ಕು ನಕ್ಕು ಕೆಮ್ಮಿದ. ತುಳಸಿಗೆ ಬೇರೆಯೇ ಒಂದು ದಾರಿ ಹೊಳೆಯಿತು. ಗುಂಡಿಗೆ ಬಿದ್ದ ಗೌರಕ್ಕ ಸತ್ತಿಲ್ಲ. ದೂಡಿದವನಿಗೆ ಮಾತ್ರ ಅದು ಗೊತ್ತಿಲ್ಲ. ಎಂಟರಿಂದ ಅವಳೇ ಅವನ ಬೆನ್ನು ಹತ್ತುತ್ತಾಳೆ. ಸಂಜೆಗೆ ಹೋಗಬೇಕಾದ ಕಥೆ ಈಗ ಎದ್ದು ಓಡತೊಡಗಿತ್ತು.

"ಕತಿ ಮನಿ ದಾಟಿಲ್ಲ, ಧೈರ್ಯವಾಗಿ ಕಳಸು," ಅಂದಳು ಅಂಜಲಿ.

"ಕಳಸ್ತೀನಿ. ಆದ್ರ ಅತ್ತಿ, ಇದು ಕೊಲಿ ಕಾದಂಬರಿ. ಒಬ್ರಾದ್ರೂ ಸಾಯ್ಬೇಕಲ್ರಿ."

ವಿರುಪಮ್ಮ ಸೂಜಿಗೆ ದಾರ ಪೋಣಿಸುತ್ತಾ ಓಬಳೇಶನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ತಮ್ಮಾ, ನಿಂದೊಂದು ಹಳೇ ಅಂಗಿ ಇದ್ರ ತಂದ್ಕೊಡಪ."