ನಡುವಿನ ಇಪ್ಪತ್ತು

ಕಟಿಂಗ್ ಅರವತ್ತು. ಶೇವಿಂಗ್ ಮೂವತ್ತು. ಹೊಸ ಯುದ್ಧ ತೆರಿಗೆ, ತಲೆಗೆ ಇಪ್ಪತ್ತು.

ಗುಬ್ಬಿ ಸ್ಟೂಲ್ ಮೇಲೆ ನಿಂತು, ಅಪ್ಪನ ಸಲೂನಿನ ಬೋರ್ಡಿನಲ್ಲಿ ತಾನೇ ಬರೆದ ಕೊನೆಯ ಸಾಲನ್ನು ಒರೆಸುತ್ತಿದ್ದಳು. ಕೆಳಗೆ ತೆರಿಗೆ ಆಫೀಸರ್ ನಿಂತಿದ್ದರು.

"ಯುದ್ಧ ಶುರುವಾಗಿ ನಾಲ್ಕು ವರ್ಷ ಆಯ್ತು. ಮುಂದಿನ ತಿಂಗಳು ಎಲೆಕ್ಷನ್ ಬೇರೆ. ಇದನ್ನ ಓದಿದ್ರೆ ಜನ ಸರ್ಕಾರಾನ ಬೈತಾರೆ. ತೆರಿಗೆ ಸೇರಿಸಿ ರೇಟ್ ಬರೀರಿ. ಬೋರ್ಡ್ ಮೇಲೆ 'ಯುದ್ಧ ತೆರಿಗೆ' ಅನ್ನೋ ಪದ ಕಂಡ್ರೆ ಲೈಸೆನ್ಸ್ ಹೋಗುತ್ತೆ."

ಗುಬ್ಬಿ ಬರೆದಳು: ಕಟಿಂಗ್ ಎಂಬತ್ತು. ಶೇವಿಂಗ್ ಐವತ್ತು.

ಆ ವಾರ ಎಷ್ಟೋ ಜನ ಬೋರ್ಡ್ ನೋಡಿ ಬಾಗಿಲಿಂದಲೇ ವಾಪಸ್ ಹೋದರು.

"ಹೊಸ ತೆರಿಗೆ ಅಣ್ಣಾ," ಎಂದು ಅಪ್ಪ ಒಬ್ಬರಿಗೆ ಹೇಳಿದ.

"ಎಲ್ಲಾ ಅಂಗಡಿಯವರೂ ಅದೇ ರಾಗ ಹಾಡ್ತಾರೆ. ದುಡ್ಡಿನ ಆಸೆ!"

ಅಪ್ಪ ಖಾಲಿ ಕುರ್ಚಿಯನ್ನೇ ಮತ್ತೆ ಮತ್ತೆ ಒರೆಸಿದ.

ಶನಿವಾರ ಹಳೇ ಗಿರಾಕಿ ಡ್ರೈವರ್ ತಾತ ಬಂದರು. ಅವರಿಗೆ ಅಪ್ಪ ಎಲ್ಲ ವಿಷಯ ಹೇಳಿದ.

"ತಲೆಗೆ ಇಪ್ಪತ್ತಾ? ನನ್ನ ತಲೇಲಿ ಉಳಿದಿರೋದೇ ಇಪ್ಪತ್ತು ಕೂದಲು ಕಣಯ್ಯಾ!"

ಆ ವಾರ ಅಪ್ಪ ನಕ್ಕಿದ್ದು ಅದೇ ಮೊದಲು. ತಾತ ಮಾತ್ರ ಕನ್ನಡಿಯಲ್ಲಿ ಬೋರ್ಡನ್ನೇ ನೋಡುತ್ತಿದ್ದರು.

"ಆ ಸಾಲು ಅಳಿಸಬಾರದಿತ್ತು. ನಾಲ್ಕು ವರ್ಷದಿಂದ ನನ್ನ ಮಗ ಗಡಿಯಲ್ಲಿದ್ದಾನೆ. ಇಲ್ಲಿ ಯಾರಿಗೂ ನೆನಪೇ ಇಲ್ಲ. ಬೋರ್ಡ್ ಮೇಲಿದ್ದಿದ್ರೆ ಒಂದ್ಸಲ ಓದಾದ್ರೂ ಓದ್ತಿದ್ರು."

ತಾತ ಹೋದ ಮೇಲೆ ಗುಬ್ಬಿ ಸ್ಟೂಲ್ ಎಳೆದಳು.

"ಅಪ್ಪಾ, ನಿನ್ನ ಕೂಲಿ ಎಷ್ಟು ಅಂತ ಬರೀಬೇಡಿ ಅಂದಿಲ್ಲ ಅಲ್ವಾ ಆ ಆಫೀಸರ್?"

ಅಪ್ಪ ಒಮ್ಮೆ ರಸ್ತೆ ನೋಡಿದ, ಒಮ್ಮೆ ಮಗಳನ್ನು ನೋಡಿದ. "ಬರಿ ಕಣೇ. ಅಕ್ಷರ ದಪ್ಪ ಇರಲಿ."

ಕಟಿಂಗ್. ಅಪ್ಪನಿಗೆ 60. ನೀವು ಕೊಡುವುದು 80.

ಶೇವಿಂಗ್. ಅಪ್ಪನಿಗೆ 30. ನೀವು ಕೊಡುವುದು 50.

ಈಗ ಜನ ಬಾಗಿಲಲ್ಲಿ ನಿಂತು ಬೆರಳು ಮಡಚಿ ಲೆಕ್ಕ ಹಾಕಿದರು. "ಮಿಕ್ಕ ಇಪ್ಪತ್ತು ಯಾರಿಗೆ?" ಎಂದು ಕೇಳಿದರು. ಕೇಳಿದವರಿಗೆ ಅಪ್ಪ ಹೇಳಿದ. ಕೆಲವರು ಸರ್ಕಾರವನ್ನು ಬೈದರು. ಕೆಲವರು ಡ್ರೈವರ್ ತಾತನ ಮಗನ ಸುದ್ದಿ ಕೇಳಿದರು.

ಆಫೀಸರ್ ಮತ್ತೆ ಬಂದು ಬೋರ್ಡನ್ನು ಎರಡು ಸಲ ಓದಿದರು.

"ಆ ಪದ ಎಲ್ಲೂ ಇಲ್ಲ ಸರ್," ಎಂದ ಅಪ್ಪ.

ಅವರು ಗಡ್ಡ ಸವರಿಕೊಂಡರು. ಆಮೇಲೆ ಕುರ್ಚಿಯಲ್ಲಿ ಕೂತರು. ಏಳುವಾಗ ತಾವೂ ಐವತ್ತೇ ಕೊಟ್ಟರು.

ತಿಂಗಳ ಕೊನೆಗೆ, ಬಿಟ್ಟುಹೋಗಿದ್ದ ಹನ್ನೊಂದು ಗಿರಾಕಿಗಳಲ್ಲಿ ಏಳು ಜನ ತಿರುಗಿ ಬಂದಿದ್ದರು. ಆದರೆ ಗುಬ್ಬಿ ಬೋರ್ಡಿನ ಧೂಳು ಒರೆಸುವಾಗ ಅವರನ್ನು ಎಣಿಸಲಿಲ್ಲ. ಅರವತ್ತಕ್ಕೂ ಎಂಬತ್ತಕ್ಕೂ ನಡುವೆ ಬಟ್ಟೆ ಹಿಡಿದ ಕೈ ನಿಂತಿತು.

ತಾತನ ಮಗ ಇನ್ನೂ ಬಂದಿರಲಿಲ್ಲ.