ಹೊಣಕೆರೆಯ ಕಲ್ಲುಮನೆಯ ಮೂಲೆ

೧೯೯೪ರ ಬೇಸಿಗೆಯಲ್ಲಿ ಹೊಣಕೆರೆ ಹತ್ತಿರದ ಹಳೆಯ ಕಲ್ಲುಮನೆಯೊಂದನ್ನು ಕೆಡವಲು ನಾನೂ ನನ್ನ ಭಾವ ದಾಸಯ್ಯನವರೂ ಹೋಗಿದ್ದೆವು. ಎರಡು ಮೊಳ ದಪ್ಪದ ಗೋಡೆ, ಕಲ್ಲುಗಳ ನಡುವೆ ಬರೀ ಮಣ್ಣು. ಉರಿಬಿಸಿಲಲ್ಲೂ ಬಿಚ್ಚಿದ ಒಂದೊಂದು ಕಲ್ಲೂ ಬಾವಿಯಿಂದ ಎತ್ತಿದಂತೆ ತಣ್ಣಗಿತ್ತು.

ಮೂಲೆಗೆ ಬಂದಾಗ ಭಾವ ಹಾರೆ ಇಳಿಸಿ ಗೋಡೆಗೆ ಕಿವಿಯಿಟ್ಟರು. "ಲೇ ನಿಂಗ, ಒಳಗ್ಯಾರೋ ಕೆಮ್ತಾವ್ರೆ ಕಣ್ಲಾ."

"ನಂಗೇನೂ ಕೇಳಿಸ್ತಿಲ್ಲ, ಬುಡಿ ಭಾವ," ಎಂದೆ.

ಸಂಜೆಯೊಳಗೆ ಆ ಮೂಲೆಯನ್ನು ನೆಲದವರೆಗೂ ಬಿಚ್ಚಿದೆವು. ಒಳಗೇನೂ ಇರಲಿಲ್ಲ.

ಮನೆಗೆ ಬಂದ ಮೇಲೂ ಅವರಿಗೆ ಆ ಕೆಮ್ಮು ಕೇಳುತ್ತಲೇ ಇತ್ತು. ಊಟ ಬಿಟ್ಟರು, ಮಾತು ಬಿಟ್ಟರು. ಒಂಬತ್ತನೆಯ ದಿನ ತೀರಿಕೊಂಡರು. ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ತಿಥಿ ಮುಗಿದ ಮೇಲೆ ಒಬ್ಬನೇ ಅಲ್ಲಿಗೆ ಹೋದೆ. ನಾವು ಬಿಚ್ಚಿದ್ದ ಮೂಲೆ ಮತ್ತೆ ಸೂರಿನ ಎತ್ತರಕ್ಕೆ ಎದ್ದು ನಿಂತಿತ್ತು. ಕಲ್ಲುಗಳ ನಡುವಿನ ಮಣ್ಣು ಇನ್ನೂ ಹಸಿಯಾಗಿತ್ತು.